ಮರುಭೂಮಿಯ ಗಾಜಿನ ಮನೆಗಳು: ಪಾಮ್ ಸ್ಪ್ರಿಂಗ್ಸ್‌ನಲ್ಲಿ ಉಳಿದದ್ದು, ಅಳಿದದ್ದು
ಪಾಮ್ ಸ್ಪ್ರಿಂಗ್ಸ್‌ನಲ್ಲಿ ಹಳೇ ಮನೆ ಅಂದರೆ ಅರವತ್ತು, ಎಪ್ಪತ್ತು ವರ್ಷದ್ದು. ಅಷ್ಟು ಚಿಕ್ಕ ವಯಸ್ಸಿನ ಮನೆಯನ್ನು ಸ್ಮಾರಕದ ಹಾಗೆ ಕಾಪಾಡಬೇಕಾ, ಇಲ್ಲ ಮಾಲೀಕರ ಇಷ್ಟಕ್ಕೆ ಬಿಡಬೇಕಾ? ಕ್ಯಾಲಿಫೋರ್ನಿಯಾದ ಈ ಮರುಭೂಮಿ ಊರಿನ ಜಗಳ ಇದೇ.

ಎರಡನೇ ಮಹಾಯುದ್ಧದ ನಂತರ ಹಣವಂತರು ಚಳಿಗಾಲ ಕಳೆಯಲು ಇಲ್ಲಿಗೆ ಬಂದರು. ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ 1946ರಲ್ಲಿ ಕಟ್ಟಿದ ಕಾಫ್‌ಮನ್ ಮನೆ, 1947ರ ಗಾಯಕ ಫ್ರಾಂಕ್ ಸಿನಾತ್ರಾ ಮನೆ ಆಗಿನವೇ. ಆದರೆ ಊರಿಗೆ ಅದರದೇ ಮುಖ ಕೊಟ್ಟದ್ದು ಇವಲ್ಲ, ಬಿಲ್ಡರ್‌ಗಳು ಒಟ್ಟಿಗೆ ಕಟ್ಟಿದ ಬಡಾವಣೆ ಮನೆಗಳು.

ಅಲೆಕ್ಸಾಂಡರ್ ತಂದೆ ಮಗ ಬಿಲ್ಡರ್‌ಗಳು. 1957ರ ಹೊತ್ತಿಗೆ ವಾಸ್ತುಶಿಲ್ಪಿ ವಿಲಿಯಂ ಕ್ರೈಸಲ್ ಜೊತೆ ಸೇರಿ 'ಟ್ವಿನ್ ಪಾಮ್ಸ್' ಬಡಾವಣೆ ಎಬ್ಬಿಸಿದರು. ಪ್ರತಿ ಮನೆ ಮುಂದೆ ಎರಡು ತಾಳೆಮರ. ಒಳಗಿನ ನಕ್ಷೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ, ಸುಮಾರು 1,600 ಚದರಡಿ. ಕ್ರೈಸಲ್ ಅದನ್ನೇ ಒಂದೊಂದು ಸೈಟಿನಲ್ಲಿ ಒಂದೊಂದು ದಿಕ್ಕಿಗೆ ತಿರುಗಿಸಿದರು, ಚಾವಣಿ ಬದಲಿಸಿದರು. ಒಂದು ಚಪ್ಪಟೆ. ಇನ್ನೊಂದು ನಡುವೆ ತಗ್ಗಿ, ಎರಡೂ ಬದಿ ಚಿಟ್ಟೆ ರೆಕ್ಕೆಯಂತೆ ಮೇಲೆದ್ದದ್ದು. ಗೋಡೆಯ ಮೇಲ್ತುದಿಯ ಗಾಜಿನಿಂದ ಬೆಟ್ಟ ಕಾಣುತ್ತದೆ. ಬೀದಿಯಲ್ಲಿ ನಡೆದರೆ ಎರಡು ಮನೆ ಒಂದೇ ಅಂತ ಅನ್ನಿಸುವುದೇ ಇಲ್ಲ. ಮಧ್ಯಮ ವರ್ಗದ ಮನೆಗೂ ಇಷ್ಟು ತಲೆ ಓಡಿಸಿದರಲ್ಲ, ಅದು ದೊಡ್ಡದು.

ಅದೇ ಕಾಲದಲ್ಲಿ ಊರ ನಡುವಿನ 'ಸೆಕ್ಷನ್ 14' ಎಂಬ ಜಾಗದಲ್ಲಿ, ಬುಡಕಟ್ಟು ಜನರ ನೆಲದ ಮೇಲೆ ಬಾಡಿಗೆಗಿದ್ದ ಕಪ್ಪು ಮತ್ತು ಲ್ಯಾಟಿನೋ ಕುಟುಂಬಗಳ ಮನೆಗಳನ್ನು ಕೆಡವಿ ಸುಟ್ಟರು. ನಗರಸಭೆ ಕ್ಷಮೆ ಕೇಳಿದ್ದು 2021ರಲ್ಲಿ. ಮನೆ ಉಳಿಸುವ ಕಥೆ ಹೇಳುವಾಗ ಇದನ್ನು ಬಿಡುವುದು ಸರಿಯಲ್ಲ.

1965ರಲ್ಲಿ ಅಲೆಕ್ಸಾಂಡರ್ ತಂದೆ ಮಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮುಂದಿನ ಎರಡು ದಶಕ ಹಣ ಪಕ್ಕದ ಗಾಲ್ಫ್ ಊರುಗಳತ್ತ ಹೋಯಿತು. ಕೆಡವಿ ಕಟ್ಟುವ ಆಸೆ ಯಾರಿಗೂ ಇರಲಿಲ್ಲ. ಮನೆಗಳು ಸುಮ್ನೆ ಉಳಿದವು.

ತೊಂಬತ್ತರ ದಶಕದಲ್ಲಿ ಕಾಫ್‌ಮನ್ ಮನೆಯ ಹೊಸ ಮಾಲೀಕರು ಹಳೇ ಫೋಟೋ ನೋಡಿ ನೋಡಿ ಅದನ್ನು ಮೊದಲಿನಂತೆ ಮಾಡಿದರು. ಕಲ್ಲು ಹೊಂದಲಿ ಅಂತ ಯೂಟಾದ ಗಣಿಯವರೆಗೂ ಹೋದರು. 1999ರಲ್ಲಿ ಆಲ್ಬರ್ಟ್ ಫ್ರೈ ವಿನ್ಯಾಸದ ಅಗ್ನಿಶಾಮಕ ಠಾಣೆಗೆ ಕುತ್ತು ಬಂದಾಗ ಊರವರು ಸೇರಿ ಸಮಿತಿ ಕಟ್ಟಿದರು. ಆದರೂ 2002ರಲ್ಲಿ ಪಕ್ಕದ ರಾಂಚೋ ಮಿರಾಜ್‌ನಲ್ಲಿ ನ್ಯೂಟ್ರಾರ ಮ್ಯಾಸ್ಲನ್ ಮನೆ ನೆಲಸಮವಾಯಿತು. ಪರವಾನಗಿ ಇತ್ತು, ಕಾನೂನು ಮುರಿದಿರಲಿಲ್ಲ. ತಡೆಯುವ ನಿಯಮವೇ ಇಲ್ಲದಿದ್ದರೆ ಎಂಥ ಮನೆಯೂ ಹೋಗಬಹುದು ಅಂತ ಆಗ ಗೊತ್ತಾಯಿತು. 2006ರಿಂದ ಈ ಶೈಲಿಯ ಮನೆಗಳ ಉತ್ಸವ 'ಮಾಡರ್ನಿಸಂ ವೀಕ್' ನಡೆಯುತ್ತಿದೆ. ಐತಿಹಾಸಿಕ ಅಂತ ಗುರುತಿಸಿದ ಮನೆಯನ್ನು ಚೆನ್ನಾಗಿ ಇಟ್ಟುಕೊಳ್ಳುವ ಕರಾರಿಗೆ ಕ್ಯಾಲಿಫೋರ್ನಿಯಾದ 'ಮಿಲ್ಸ್ ಆಕ್ಟ್' ಕಾನೂನಿನ ಪ್ರಕಾರ ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯೂ ಸಿಗುತ್ತದೆ.

ಈಗ ಬುಲ್ಡೋಜರ್‌ಗಿಂತ ಸಣ್ಣ ರಿಪೇರಿಗಳದ್ದೇ ಜಾಸ್ತಿ ಭಯ. ಈ ಮನೆಗಳು ಚಳಿಗಾಲಕ್ಕೆ ಅಂತ ಕಟ್ಟಿದವು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಊರಲ್ಲಿ ವರ್ಷಪೂರ್ತಿ ಇರುವವರಿಗೆ ದಪ್ಪ ಗಾಜು, ದಪ್ಪ ಚಾವಣಿ ಬೇಕೇ ಬೇಕು. ಅವರನ್ನು ತಪ್ಪು ಅನ್ನಲಾಗದು. ಆದರೆ ಚಾವಣಿಯ ತೆಳ್ಳನೆ ಅಂಚು ಒಮ್ಮೆ ದಪ್ಪವಾದರೆ, ಕ್ರೈಸಲ್ ಬಿಡಿಸಿದ ಆ ಗೆರೆ ಹೋದಂತೆಯೇ ಅಲ್ವಾ?