ಸೀಳಿದ ಮೇಲೂ ಹಿಡಿದು ನಿಲ್ಲುವ ಹಾಳೆ

ಬಟ್ಟೆ ಅಂಗಡಿಯಲ್ಲಿ ರವಿಕೆ ಬಟ್ಟೆ ಹರಿದು ಕೊಡುವುದನ್ನು ನೋಡಿದ್ದೀರಲ್ಲ? ಅಂಗಡಿಯವರು ಮೀಟರ್ ಕೋಲಿನಲ್ಲಿ ಅಳೆಯುತ್ತಾರೆ. ಅಂಚಿನಲ್ಲಿ ಕತ್ತರಿಯಿಂದ ಚಿಕ್ಕದೊಂದು ಗಾಯ ಮಾಡುತ್ತಾರೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿದುಬಿಡುತ್ತಾರೆ. ಅದೇ ಬಟ್ಟೆಗೆ ಕತ್ತರಿ ಮುಟ್ಟಿಸದೆ ಇಬ್ಬರು ಎರಡು ಕಡೆಯಿಂದ ಜಗ್ಗಿದರೂ ಅದು ಜಗ್ಗುವುದಿಲ್ಲ.

ಹಾಲಿನ ಕವರ್ ಕೂಡ ಹಾಗೇ. ಮೂಲೆಗೆ ಕತ್ತರಿ ತಾಗುವ ತನಕ ಗಟ್ಟಿ. ತಾಗಿದ ಮೇಲೆ ಮಗು ಕೂಡ ಹರಿಯುತ್ತದೆ.

ಈ ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾಗಿದ್ದು ಕೋಲಾರ ಕಡೆಯ ಒಂದು ಹೊಲದಲ್ಲಿ. ಬಂಧುಗಳ ಜಮೀನು. ಅಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ಇದೆ. ಬದಿಗಳ ಇಳಿಜಾರನ್ನೂ ಲೆಕ್ಕ ಹಿಡಿದರೆ ತುಂಬಿದಾಗ ಸುಮಾರು 9.8 ಲಕ್ಷ ಲೀಟರ್ ನೀರು. ಕೆಂಪು ಮಣ್ಣು ನೀರನ್ನು ಹಿಡಿದಿಡುವುದಿಲ್ಲ, ಅದಕ್ಕೇ ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ್ದರು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಇಂಥ ಹೊಂಡಗಳು ನಮ್ಮ ಬಯಲುಸೀಮೆಯಲ್ಲಿ ಊರೂರಿಗೂ ಬಂದವು. ಒಂದು ರಾತ್ರಿ ನೀರು ಕುಡಿಯಲು ಇಳಿದ ನಾಯಿಯೊಂದು ಜಾರಿ, ಮೇಲೆ ಹತ್ತಲು ಉಗುರಿನಿಂದ ಕೆರೆದಿತ್ತು. ಬೆರಳುದ್ದದ ಒಂದು ಗೀರು. ನಾಲ್ಕು ದಿನದ ಗಾಳಿಗೆ ಆ ಗೀರು ಮೊಳದುದ್ದ ಆಗಿತ್ತು. ಪಕ್ಕದ ಜಮೀನಿನ ಹೊಂಡದಲ್ಲಿ ಹೆಣೆದ ಹಾಳೆ ಇತ್ತು. ಅದರ ಮೇಲೂ ಗೀರುಗಳಿದ್ದವು. ಅವು ಬೆರಳುದ್ದಕ್ಕೇ ನಿಂತಿದ್ದವು.

ಅಂಗಡಿಯಲ್ಲಿ ಹಾಳೆ ಕೊಳ್ಳುವಾಗ ನಾವು ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಮೈಕ್ರಾನ್?" 500 ಮೈಕ್ರಾನ್ ಅಂದರೆ ಅರ್ಧ ಮಿಲಿಮೀಟರ್ ದಪ್ಪ. ದಪ್ಪ ಬೇಕು, ನಿಜ. ಆದರೆ ಹೊಂಡದ ಹಾಳೆಗೆ ಗಾಯ ಆಗಿಯೇ ಆಗುತ್ತದೆ. ಕಲ್ಲಿನ ಮೂಲೆ, ದನದ ಗೊರಸು, ಹಾಸುವಾಗ ಎಳೆದಾಡಿದ ಗೀರು, ಯಾವುದಾದರೂ ಒಂದು ಇದ್ದೇ ಇರುತ್ತದೆ. ಗಾಯವಾದ ಮೇಲೆ ಹಾಳೆ ಏನು ಮಾಡುತ್ತದೆ ಎನ್ನುವುದೇ ನಿಜವಾದ ಪ್ರಶ್ನೆ. ಅದಕ್ಕೆ ಮೈಕ್ರಾನ್ ಉತ್ತರ ಕೊಡುವುದಿಲ್ಲ.

ಗಾಯದ ತುದಿಯಲ್ಲಿ ಏನಾಗುತ್ತದೆ? 1913ರಲ್ಲಿ ಚಾರ್ಲ್ಸ್ ಇಂಗ್ಲಿಸ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಇದರ ಲೆಕ್ಕ ಹಾಕಿದರು. ಎಳೆತದಲ್ಲಿರುವ ತಗಡಿಗೆ ದುಂಡನೆಯ ತೂತು ಇದ್ದರೆ, ಆ ತೂತಿನ ಅಂಚಿನಲ್ಲಿ ಎಳೆತ ಮೂರು ಪಟ್ಟು ಆಗುತ್ತದೆ. ತೂತು ಚಪ್ಪಟೆಯಾಗಿ, ಅಗಲಕ್ಕಿಂತ ಹತ್ತು ಪಟ್ಟು ಉದ್ದವಾಗಿ, ಎಳೆತಕ್ಕೆ ಅಡ್ಡಲಾಗಿ ಇದ್ದರೆ ಅದರ ತುದಿಯಲ್ಲಿ 21 ಪಟ್ಟು. ಸೀಳು ಚೂಪಾದಷ್ಟೂ ತುದಿಗೆ ಹೊರೆ ಜಾಸ್ತಿ. ಇಡೀ ಹಾಳೆಯ ಮೇಲೆ ಬಿದ್ದ ಎಳೆತವನ್ನು ಸೂಜಿಮೊನೆಯಷ್ಟು ಜಾಗ ಹೊರಬೇಕು. ಪ್ಲಾಸ್ಟಿಕ್ ಗಾಜಿನಂತೆ ಪಟಕ್ಕನೆ ಒಡೆಯುವುದಿಲ್ಲ. ಹಿಗ್ಗಿ ತುದಿಯನ್ನು ಸ್ವಲ್ಪ ಮೊಂಡು ಮಾಡಿಕೊಳ್ಳುತ್ತದೆ. ಆದರೂ ತೆಳು ಹಾಳೆಯಲ್ಲಿ ಸೀಳಿಗೆ ದಾರಿ ತಪ್ಪಿಸುವವರು ಯಾರೂ ಇಲ್ಲ. ಎಳೆತ ಇದ್ದಷ್ಟು ಹೊತ್ತೂ ಅದು ಮುಂದೆ ಹೋಗುತ್ತದೆ.

ಹೆಣೆದ ಹಾಳೆಯ ಕಥೆ ಬೇರೆ. ಅದರ ಒಳಗೆ ದಾರದ ಬಲೆ ಇರುತ್ತದೆ. ಬಲೆಯ ಎರಡೂ ಕಡೆ ಪ್ಲಾಸ್ಟಿಕ್ ಲೇಪ. ಕೆಲವು ಹಾಳೆಗಳಲ್ಲಿ ಬಲೆ ಪಾಲಿಯೆಸ್ಟರ್ ದಾರದ್ದು. ನಮ್ಮ ಹೊಂಡಗಳಿಗೆ ಬರುವ ಒಂದು ಬಗೆಯಲ್ಲಿ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥೀನ್ ಪ್ಲಾಸ್ಟಿಕ್‌ನ ಪಟ್ಟಿಗಳನ್ನೇ ಗೊಬ್ಬರದ ಚೀಲದ ಹಾಗೆ ನೇಯ್ದು ಮೇಲೆ ಲೇಪ ಕೊಡುತ್ತಾರೆ. ಇದಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 15351.

ಇಂಥ ಹಾಳೆಯ ಸೀಳು ಒಂದು ದಾರದ ತನಕ ಬಂದು ನಿಲ್ಲುತ್ತದೆ. ದಾರ ಎಳೆತಕ್ಕೆ ಸಿಕ್ಕಿ ಸ್ವಲ್ಪ ಜಾರುತ್ತದೆ. ಜಾರಿ ಪಕ್ಕದ ದಾರದ ಹತ್ತಿರ ಬರುತ್ತದೆ. ಅದೂ ಜಾರುತ್ತದೆ. ಹೀಗೆ ಮೂರೋ ನಾಲ್ಕೋ ದಾರಗಳು ಒಂದೆಡೆ ಸೇರಿ ಹಗ್ಗದ ಹಾಗೆ ಆಗುತ್ತವೆ. ಸೀಳಿನ ತುದಿಯಲ್ಲಿ ಚಿಕ್ಕದೊಂದು ತ್ರಿಕೋನ ಕಾಣುತ್ತದೆ. ಜವಳಿ ತಂತ್ರಜ್ಞರು ಅದನ್ನು 'ಡೆಲ್' ಎಂದು ಕರೆಯುತ್ತಾರೆ. ಈಗ ಸೀಳು ಒಂದು ದಾರವನ್ನಲ್ಲ, ಹಗ್ಗವನ್ನು ಕಡಿಯಬೇಕು. ಒಂದು ಕಡ್ಡಿ ಮುರಿಯುವುದಕ್ಕೂ ಕಟ್ಟು ಮುರಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಇಲ್ಲೇ ನನ್ನನ್ನು ತುಂಬಾ ಹಿಡಿದಿಟ್ಟ ಒಂದು ವಿಷಯ ಇದೆ. ದಾರಗಳು ಕೂಡಿಕೊಳ್ಳಬೇಕಾದರೆ ಜಾರಲು ಜಾಗ ಬೇಕು. ಲೇಪ ದಾರಗಳನ್ನು ಗಟ್ಟಿಯಾಗಿ ಅಂಟಿಸಿಬಿಟ್ಟರೆ ಅವು ಅಲುಗಾಡುವುದಿಲ್ಲ. ಆಗ ಸೀಳು ಒಂದೊಂದೇ ದಾರವನ್ನು ಕಡಿಯುತ್ತಾ ಹೋಗುತ್ತದೆ. ಅಂದರೆ ಅಂಟು ಚೆನ್ನಾಗಿದ್ದಷ್ಟೂ ಹಾಳೆ ಸುಲಭವಾಗಿ ಸೀಳುತ್ತದೆ! ಹಾಗಂತ ಅಂಟನ್ನು ಸಡಿಲ ಬಿಡೋ ಹಾಗೂ ಇಲ್ಲ. ಸಡಿಲವಾದರೆ ಲೇಪ ಪದರ ಪದರವಾಗಿ ಏಳುತ್ತದೆ. ಕತ್ತರಿಸಿದ ಅಂಚಿನಿಂದ ನೀರು ದಾರದ ಗುಂಟ ಒಳಗೆ ಸೇರುತ್ತದೆ, ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ. ಒಳ್ಳೆಯ ಹಾಳೆ ಮಾಡುವವರ ಕಸುಬೆಲ್ಲ ಈ ಎರಡರ ನಡುವಿನ ಹದ ಹಿಡಿಯುವುದರಲ್ಲಿದೆ. ಹದ ಸಿಕ್ಕಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಸೀಳಿಯೇ ನೋಡಬೇಕು.

ಮನೆಯಲ್ಲೂ ನೋಡಬಹುದು. ಲೇಪ ಇಲ್ಲದ ಹಳೆಯ ಪ್ಲಾಸ್ಟಿಕ್ ಚೀಲ ಒಂದು, ಮೇಲೆ ಬಣ್ಣದ ಚಿತ್ರ ಅಚ್ಚಾದ ಲೇಪದ ಅಕ್ಕಿ ಚೀಲ ಒಂದು ತೆಗೆದುಕೊಳ್ಳಿ. ಎರಡಕ್ಕೂ ಕತ್ತರಿಯಿಂದ ಒಂದೇ ಅಳತೆಯ ಸೀಳು ಕೊಡಿ. ಮೆಲ್ಲಗೆ ಹರಿಯುತ್ತಾ ಸೀಳಿನ ತುದಿಯನ್ನೇ ಗಮನಿಸಿ. ಮೊದಲನೆಯದರಲ್ಲಿ ಪಟ್ಟಿಗಳು ಜಾರಿ ಗುಂಪಾಗುವುದು ಬರಿಗಣ್ಣಿಗೇ ಕಾಣುತ್ತದೆ.

ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ, ಆದರೆ ಅಳತೆ ಹಿಡಿದು. ನೀರು ಸೋರದಂತೆ ನೆಲಕ್ಕೆ ಹಾಸುವ ಇಂಥ ಹಾಳೆಗಳಿಗೆ ಜಿಯೊಮೆಂಬ್ರೇನ್ ಎನ್ನುತ್ತಾರೆ. ಒಳಗೆ ಬಲೆ ಇರುವ ಜಿಯೊಮೆಂಬ್ರೇನ್‌ಗಳಿಗೆಂದೇ, ಮಾನಕಗಳನ್ನು ರೂಪಿಸುವ ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ 5884 ಎಂಬ ಪದ್ಧತಿ ಇದೆ. ನಾಲಿಗೆ ಪರೀಕ್ಷೆ ಅನ್ನಬಹುದು. ಸುಮಾರು ಒಂದು ಗೇಣು ಉದ್ದಗಲದ ತುಂಡು ಕತ್ತರಿಸುತ್ತಾರೆ. ಒಂದು ಅಂಚಿನ ನಡುವಿನಿಂದ ಒಳಗೆ ಸೀಳು ಕೊಡುತ್ತಾರೆ. ತುಂಡು ಈಗ ಎರಡು ಕಾಲಿನ ಪ್ಯಾಂಟಿನ ಹಾಗೆ ಕಾಣುತ್ತದೆ. ಒಂದು ಕಾಲು ಯಂತ್ರದ ಮೇಲಿನ ಹಿಡಿಗೆ, ಇನ್ನೊಂದು ಕೆಳಗಿನ ಹಿಡಿಗೆ. ಯಂತ್ರ ಒಂದೇ ವೇಗದಲ್ಲಿ ಎರಡನ್ನೂ ದೂರ ಮಾಡುತ್ತದೆ. ರವಿಕೆ ಬಟ್ಟೆಯವರ ಎರಡು ಕೈಗಳೇ ಇವು ಅಲ್ವಾ?

ಯಂತ್ರ ಬರೆಯುವ ಗೆರೆ ನೋಡಲು ಗರಗಸದ ಹಲ್ಲಿನಂತೆ ಇರುತ್ತದೆ. ಬಲ ಏರುತ್ತದೆ, ದಾರ ತುಂಡಾದ ಕೂಡಲೇ ಇಳಿಯುತ್ತದೆ, ಮತ್ತೆ ಏರುತ್ತದೆ. ಬಲೆ ಸಡಿಲವಾಗಿದ್ದು ದಾರಗಳು ಗುಂಪಾದರೆ ಹಲ್ಲುಗಳು ಎತ್ತರ ಮತ್ತು ವಿರಳ. ಗಟ್ಟಿಯಾಗಿ ಅಂಟಿದ್ದರೆ ಗಿಡ್ಡ ಮತ್ತು ಒತ್ತೊತ್ತು. ಓದಲು ಬಂದವರಿಗೆ ಆ ಗೆರೆಯಲ್ಲೇ ಹಾಳೆಯ ಜಾತಕ ಇದೆ.

ತುಂಡು ಗೇಣಷ್ಟು ದೊಡ್ಡದಿರುವುದಕ್ಕೂ ಕಾರಣ ಇದೆ. ತೀರಾ ಚಿಕ್ಕದಾದರೆ ದಾರ ತುಂಡಾಗುವ ಬದಲು ಕತ್ತರಿಸಿದ ಅಂಚಿನಿಂದ ಸುಮ್ನೆ ಕಳಚಿ ಬರುತ್ತದೆ. ಆಗ ನಾವು ಅಳೆದದ್ದು ದಾರದ ಶಕ್ತಿಯಲ್ಲ, ಅಂಟಿನ ಹಿಡಿತ. ಇನ್ನೊಂದು ತೊಡಕೂ ಇದೆ. ಒಂದು ದಿಕ್ಕಿನ ದಾರ ಹೆಚ್ಚು ಗಟ್ಟಿ ಇದ್ದರೆ ಸೀಳು ನೇರ ಹೋಗುವುದನ್ನು ಬಿಟ್ಟು ಪಕ್ಕಕ್ಕೆ ತಿರುಗಿಬಿಡುತ್ತದೆ. ಅದಕ್ಕೇ ಹಾಸು ಮತ್ತು ಹೊಕ್ಕು, ಎರಡೂ ದಿಕ್ಕಿನಲ್ಲಿ ಬೇರೆ ಬೇರೆ ತುಂಡುಗಳನ್ನು ಪರೀಕ್ಷಿಸಬೇಕು. ಒಂದೇ ಸಂಖ್ಯೆ ಕೊಟ್ಟ ವರದಿ ನನಗೆ ಅರ್ಧ ವರದಿ.

ಬಲೆ ಇಲ್ಲದ ಹಾಳೆಗೆ ಪರೀಕ್ಷೆಯೇ ಬೇರೆ, ಅದೇ ಸಂಸ್ಥೆಯ ಡಿ 1004. ಅಲ್ಲಿ ತುಂಡಿನ ಒಂದು ಅಂಚಿನಲ್ಲಿ ಲಂಬಕೋನದ ಕಚ್ಚು ಇರುತ್ತದೆ. ನಿಮಿಷಕ್ಕೆ 51 ಮಿಲಿಮೀಟರ್ ವೇಗದಲ್ಲಿ ನಿಧಾನವಾಗಿ ಎಳೆಯುತ್ತಾರೆ. ಅದು ಅಳೆಯುವುದು ಸೀಳು ಶುರುವಾಗಲು ಬೇಕಾದ ಬಲವನ್ನು. ನಾಲಿಗೆ ಪರೀಕ್ಷೆ ಅಳೆಯುವುದು ಶುರುವಾದ ಸೀಳು ಮುಂದುವರಿಯಲು ಬೇಕಾದ ಬಲವನ್ನು. ಎರಡೂ ನ್ಯೂಟನ್‌ನಲ್ಲೇ ಇರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು "ಇದು ಅದಕ್ಕಿಂತ ಗಟ್ಟಿ" ಅನ್ನುವುದು ತಪ್ಪು. ಕೊಳ್ಳುವವರು ಇಲ್ಲಿ ಮೋಸ ಹೋಗಬಾರದು.

ಹೆಣೆದ ಹಾಳೆಯೇ ಎಲ್ಲಕ್ಕೂ ಮದ್ದು ಅಂತಲೂ ಅಲ್ಲ. ಬಲೆ ಇಲ್ಲದ ಎಚ್‌ಡಿಪಿಇ ಹಾಳೆ ತುಂಡಾಗುವ ಮೊದಲು ಮೂಲ ಉದ್ದದ ಹಲವು ಪಟ್ಟು ಹಿಗ್ಗಬಲ್ಲದು. ಕೆಳಗಿನ ಮಣ್ಣು ಕುಸಿದರೆ ಜೊತೆಗೇ ಬಾಗುತ್ತದೆ. ದಾರ ಅಷ್ಟು ಹಿಗ್ಗುವುದಿಲ್ಲ. ನೆಲ ಎಲ್ಲಿ ಕುಸಿಯಬಹುದು, ಗಾಳಿ ಎಲ್ಲಿ ಎತ್ತಬಹುದು, ಯಾವ ಪ್ರಾಣಿ ಇಳಿಯಬಹುದು ಅಂತ ನೋಡಿಯೇ ಆರಿಸಬೇಕು. ನಾಯಿ, ದನ ಇಳಿಯುವ, ಗಾಳಿಗೆ ಮೈಯೊಡ್ಡಿದ ಕೋಲಾರದ ಹೊಂಡಕ್ಕಾದರೆ ನಾನು ಹೆಣೆದದ್ದನ್ನೇ ಹೇಳುತ್ತೇನೆ.

ಆ ಮೊಳದುದ್ದದ ಸೀಳಿಗೆ ಆಮೇಲೆ ತೇಪೆ ಹಾಕಿದೆವು. ಬಿಸಿಗಾಳಿಯ ಯಂತ್ರ ತಂದ ಹುಡುಗ ಮೊದಲು ಸೀಳಿನ ಎರಡೂ ತುದಿಯನ್ನು ಬ್ಲೇಡಿನಿಂದ ದುಂಡಗೆ ಮಾಡಿದ. ಆಮೇಲೆ ಹೊಸ ಹಾಳೆಯಿಂದ ತೇಪೆ ಕತ್ತರಿಸಲು ಕೂತ. ಸೀಳಿಗಿಂತ ಎಲ್ಲ ಕಡೆಯೂ ಗೇಣಿನಷ್ಟು ಹೆಚ್ಚು ಬಿಟ್ಟ. ಮೂಲೆಗಳಿಗೆ ಬಂದಾಗ ಮನೆಯಿಂದ ಒಂದು ಊಟದ ತಟ್ಟೆ ಕೇಳಿದ. ಅದನ್ನು ನಾಲ್ಕೂ ಮೂಲೆಗೆ ಇಟ್ಟು ಸೀಮೆಸುಣ್ಣದಿಂದ ದುಂಡಗೆ ಗೆರೆ ಎಳೆದ. ಯಾಕೆ ಅಂತ ಕೇಳಿದೆ. "ಮೂಲೆ ಬಿಟ್ರೆ ಅಲ್ಲಿಂದಾನೇ ಏಳೋದು ಸಾರ್" ಅಂದ.