ವರ್ಚುವಲ್ ಮಷೀನ್: ‘ವಾಸ್ತವ ಯಂತ್ರ’ವೂ ಅಲ್ಲ, ‘ಮಿಥ್ಯಾ ಗಣಕ’ವೂ ಅಲ್ಲ

ಶಿವಮೊಗ್ಗದ ಡಿಪ್ಲೊಮಾ, ಎಂಜಿನಿಯರಿಂಗ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಪಿಡಿಎಫ್‌ಗಳಲ್ಲಿ ‘ವಾಸ್ತವ ಯಂತ್ರ’ ಮತ್ತೆ ಕಾಣಿಸಿಕೊಂಡಿದೆ. ಇದು ‘ವರ್ಚುವಲ್ ಮಷೀನ್’ (ವಿಎಂ) ಎಂಬುದರ ಅನುವಾದವಂತೆ; ವಿಎಂ ಎಂದರೆ ನಮ್ಮ ಕಂಪ್ಯೂಟರಿನೊಳಗೆ ತಂತ್ರಾಂಶದ ಬಲದಿಂದ ನಡೆಯುವ ಇನ್ನೊಂದು ಕಂಪ್ಯೂಟರ್. ಇಂಗ್ಲಿಷ್ ಪುಟವನ್ನು ಅನುವಾದದ ತಂತ್ರಾಂಶಕ್ಕೆ ಹಾಕಿ, ಬಂದದ್ದನ್ನು ಓದದೆ ಹಂಚಿದರೆ ಹೀಗಾಗುತ್ತದೆ. ವರ್ಚುವಲ್ ಪದಕ್ಕೆ ‘ವಸ್ತುತಃ’ ಎಂಬ ಅರ್ಥ ಇದ್ದೇ ಇದೆ. ಅದು ಜಾರಿ ‘ವಾಸ್ತವ’ ಆಗಿರಬೇಕು. ಇದನ್ನಾದರೂ ತಿದ್ದಬಹುದು. ತಿದ್ದಲು ಕಷ್ಟವಾಗುವುದು ಇನ್ನೊಂದು ಅನುವಾದ: ‘ಮಿಥ್ಯಾ ಗಣಕ’. ಅದನ್ನು ಓದಿದವರು ‘ಸುಳ್ಳು ಕಂಪ್ಯೂಟರ್ ತಾನೆ, ನಮ್ಮ ಲ್ಯಾಪ್‌ಟಾಪಿಗೆ ಏನು ಭಾರ’ ಎಂದುಕೊಂಡು 8 ಜಿಬಿ ರ‍್ಯಾಮಿನಲ್ಲಿ 6 ಜಿಬಿಯನ್ನು ಅದಕ್ಕೆ ಕೊಟ್ಟುಬಿಡುತ್ತಾರೆ. ಆಮೇಲೆ ಮೌಸ್ ಕೂಡ ಅಲುಗದಿದ್ದಾಗ ಅದರೊಳಗೆ ಹಾಕಿದ ಉಬುಂಟು ಲಿನಕ್ಸನ್ನು ಬಯ್ಯುತ್ತಾರೆ.

‘ಮಿಥ್ಯ’ ಎಲ್ಲಿಂದ ಬಂತು ಎಂಬುದು ಹೈಸ್ಕೂಲಿನ ವಿಜ್ಞಾನ ಓದಿದ ಎಲ್ಲರಿಗೂ ಗೊತ್ತು. ಕನ್ನಡಿಯ ಪಾಠದಲ್ಲಿ ಸತ್ಯ ಪ್ರತಿಬಿಂಬ, ಮಿಥ್ಯ ಪ್ರತಿಬಿಂಬ ಎಂದು ಎರಡಿದ್ದವು. ಮಿಥ್ಯ ಪ್ರತಿಬಿಂಬವನ್ನು ಪರದೆಯ ಮೇಲೆ ಹಿಡಿಯಲು ಬರುವುದಿಲ್ಲ. ಬೆಳಕಿನ ಕಿರಣಗಳು ಅಲ್ಲಿ ಸೇರುವುದೇ ಇಲ್ಲ, ಸೇರಿದಂತೆ ತೋರುತ್ತವೆ. ಅಲ್ಲಿ ಆ ಪದ ಒಪ್ಪುತ್ತದೆ. ಅದನ್ನೇ ಎತ್ತಿ ಕಂಪ್ಯೂಟರಿಗೆ ಅಂಟಿಸಿದ್ದು ತಪ್ಪು. ವರ್ಚುವಲ್ ಮಷೀನು ಕನ್ನಡಿಯೊಳಗಿನ ಬಿಂಬದ ಹಾಗಲ್ಲ. ಅದರೊಳಗೆ ಬರೆದ ಪ್ರೋಗ್ರಾಂ ನಿಜವಾಗಿ ಓಡುತ್ತದೆ, ಅದರಲ್ಲಿ ಉಳಿಸಿದ ಕಡತ ನಿಜವಾದ ಡಿಸ್ಕಿನ ಮೇಲೆ ಕೂರುತ್ತದೆ.

ಪದದ ಬೇರನ್ನು ಹಿಡಿದು ನೋಡಿದರೆ ಗೊಂದಲವೇ ಇರುವುದಿಲ್ಲ. ಲ್ಯಾಟಿನ್ನಿನಲ್ಲಿ ‘ವಿರ್’ ಎಂದರೆ ಗಂಡಸು. ಅದರಿಂದ ‘ವಿರ್ತುಸ್’: ಕಸುವು, ಕೆಚ್ಚು, ಗುಣ. ಅದರಿಂದ ಮಧ್ಯಯುಗದ ಲ್ಯಾಟಿನ್ನಿನ ‘ವಿರ್ತುವಾಲಿಸ್’, ಅದರಿಂದ ಇಂಗ್ಲಿಷಿನ ವರ್ಚುವಲ್. ಈ ‘ವಿರ್’ ನಮಗೆ ಪರಕೀಯವೇನೂ ಅಲ್ಲ. ಸಂಸ್ಕೃತದ ‘ವೀರ’ ಮತ್ತು ಇದು ಒಂದೇ ಮೂಲದ ಪದಗಳು. ಹಾಗಾಗಿ ‘ವಿರ್ತುಸ್’ಗೆ ನಮ್ಮಲ್ಲಿ ಹೊಂದುವ ಪದ ಯಾವುದೆಂದರೆ ‘ವೀರ್ಯ’. ದಿನಬಳಕೆಯಲ್ಲಿ ಈ ಪದದ ಅರ್ಥ ಕಿರಿದಾಗಿದೆ. ಆಯುರ್ವೇದದಲ್ಲಿ ಉಳಿದಿರುವ ಅರ್ಥ ನೋಡಿ. ಅಲ್ಲಿ ದ್ರವ್ಯಕ್ಕೆ ರಸ ಬೇರೆ, ವೀರ್ಯ ಬೇರೆ. ಕಾಳುಮೆಣಸು ಉಷ್ಣವೀರ್ಯ. ತೋಟದಲ್ಲಿ ಬಳ್ಳಿಯಿಂದ ಕೊಯ್ದು ಅಂಗೈಯಲ್ಲಿ ಹಿಡಿದರೆ ತಣ್ಣಗೇ ಇರುತ್ತದೆ. ಕಷಾಯ ಮಾಡಿ ಕುಡಿದು ಅದು ಆರಿದ ಮೇಲೂ ಮೈ ಬೆಚ್ಚಗಿರುತ್ತದೆ. ಮೆಣಸಿನ ಬಿಸಿ ಮುಟ್ಟಿದರೆ ಸಿಗುವುದಲ್ಲ, ಪರಿಣಾಮದಲ್ಲಿ ಸಿಗುವುದು. ಅದನ್ನು ಸುಳ್ಳು ಬಿಸಿ ಎಂದು ಯಾರೂ ಹೇಳುವುದಿಲ್ಲವಲ್ಲ.

ವರ್ಚುವಲ್ ಎಂದರೆ ಅಷ್ಟೇ: ರೂಪದಲ್ಲಿ ಇಲ್ಲ, ಕಾರ್ಯದಲ್ಲಿ ಇದೆ. ಪ್ರತ್ಯೇಕ ಪೆಟ್ಟಿಗೆ, ಪ್ರತ್ಯೇಕ ಮದರ್‌ಬೋರ್ಡ್ ಇಲ್ಲ. ಕಂಪ್ಯೂಟರ್ ಮಾಡುವ ಕೆಲಸ ಪೂರ್ತಿ ನಡೆಯುತ್ತದೆ.

ಸುಳ್ಳು ಯಂತ್ರ ಎಂಬ ಹೆಸರನ್ನು ಈ ವಿದ್ಯೆಯ ಮೂಲದವರೇ ಒಮ್ಮೆ ಇಟ್ಟು, ಆಮೇಲೆ ಕೈಬಿಟ್ಟಿದ್ದಾರೆ ಎಂಬುದು ಗಮನಿಸಬೇಕಾದ ಮಾತು. 1960ರ ದಶಕದಲ್ಲಿ ಐಬಿಎಂ ಕಂಪನಿಯ ಕೇಂಬ್ರಿಜ್ ಕೇಂದ್ರದಲ್ಲಿ ಸಿಪಿ-40 ಎಂಬ ವ್ಯವಸ್ಥೆಯನ್ನು ಕಟ್ಟಿದವರು ಮೊದಲು ‘ಸ್ಯೂಡೋ ಮಷೀನ್’ ಎನ್ನುತ್ತಿದ್ದರು, ಅಂದರೆ ಹುಸಿಯಂತ್ರ. ಅದೇ ಕಂಪನಿಯ ಎಂ44 ಯೋಜನೆಯವರು ಬಳಸುತ್ತಿದ್ದ ‘ವರ್ಚುವಲ್ ಮಷೀನ್’ ಕೊನೆಗೆ ಗೆದ್ದಿತು. 1972ರಲ್ಲಿ ವಿಎಂ/370 ಎಂಬ ಹೆಸರಲ್ಲೇ ಮಾರುಕಟ್ಟೆಗೂ ಬಂತು. ಅವರು ಕೈಬಿಟ್ಟ ಅರ್ಥವನ್ನು ನಾವು ಹೆಕ್ಕಿಕೊಂಡು ಬರಬೇಕಾಗಿಲ್ಲ. ಅನುಕರಣೆಯ ಯಂತ್ರಕ್ಕೆ ಬೇರೆ ಹೆಸರೇ ಇದೆ, ಎಮ್ಯುಲೇಟರ್. ಅದು ಇನ್ನೊಂದು ಬಗೆಯ ಪ್ರೊಸೆಸರಿನ ಆಜ್ಞೆಗಳನ್ನು ತರ್ಜುಮೆ ಮಾಡಿಕೊಂಡು ನಡೆಸುತ್ತದೆ, ಹಾಗಾಗಿ ನಿಧಾನ. ವಿಎಂ ಒಳಗಿನ ಆಜ್ಞೆಗಳಲ್ಲಿ ಹೆಚ್ಚಿನವು ನಿಮ್ಮದೇ ಪ್ರೊಸೆಸರಿನ ಮೇಲೆ ನೇರವಾಗಿ ಓಡುತ್ತವೆ.

ಹಾಗೆ ನೇರವಾಗಿ ಓಡಲು ಪ್ರೊಸೆಸರಿನ ಒಪ್ಪಿಗೆ ಬೇಕು. ಇಂಟೆಲ್ ಇದಕ್ಕೆ ಬೇಕಾದ ಸೌಲಭ್ಯವನ್ನು 2005ರಲ್ಲಿ, ಎಎಂಡಿ 2006ರಲ್ಲಿ ಚಿಪ್ಪಿನೊಳಗೇ ತಂದವು. ಎಷ್ಟೋ ಯಂತ್ರಗಳಲ್ಲಿ ಅದು, ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿದರೆ ‘ವರ್ಚುವಲೈಸೇಶನ್’ ಎಂಬ ಸಾಲು ಕಾಣುತ್ತದೆ. ‘ಡಿಸೇಬಲ್ಡ್’ ಎಂದಿದ್ದರೆ ಬಯೋಸ್‌ಗೆ ಹೋಗಿ ಇಂಟೆಲ್‌ನಲ್ಲಿ ‘ವರ್ಚುವಲೈಸೇಶನ್ ಟೆಕ್ನಾಲಜಿ’, ಎಎಂಡಿಯಲ್ಲಿ ‘ಎಸ್‌ವಿಎಂ ಮೋಡ್’ ಆನ್ ಮಾಡಿ. ಆನ್ ಇದ್ದೂ, ವಿಎಂ ನಡೆಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್ ತೆವಳುತ್ತಿದ್ದರೆ ವಿಎಂ ಕಿಟಕಿಯ ಕೆಳಸಾಲಿನಲ್ಲಿ ಹಸಿರು ಆಮೆಯ ಚಿತ್ರ ಇದೆಯೇ ನೋಡಿ. ಇದ್ದರೆ ವಿಂಡೋಸ್‌ನ ಸ್ವಂತ ವಿಎಂ ವ್ಯವಸ್ಥೆಯಾದ ಹೈಪರ್-ವಿ ಆ ಸೌಲಭ್ಯವನ್ನು ಮೊದಲೇ ಹಿಡಿದುಕೊಂಡಿದೆ. ಡಬ್ಲ್ಯುಎಸ್‌ಎಲ್-2 (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡಿದ್ದರೆ, ಅಥವಾ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಆನ್ ಇದ್ದರೆ ಹೀಗಾಗುತ್ತದೆ.

ಈಗ ರ‍್ಯಾಮಿಗೆ ಬರೋಣ. ಬಾವಿ ಒಂದೇ, ಮೋಟಾರ್ ಒಂದೇ. ಮೇಲಿನ ತೋಟಕ್ಕೆ ನೀರು ತಿರುಗಿಸಿದರೆ ಕೆಳಗಿನ ತೋಟಕ್ಕೆ ಅಷ್ಟು ಕಡಿಮೆ. 8 ಜಿಬಿಯಲ್ಲಿ ವಿಂಡೋಸ್ ಮತ್ತು ಬ್ರೌಸರ್ ಸೇರಿ ಸುಮಾರು ಅರ್ಧವನ್ನು ತಿನ್ನುತ್ತವೆ. ವಿಎಂಗೆ 3072 ಎಂಬಿ (3 ಜಿಬಿ), ಎರಡು ಸಿಪಿಯು ಸಾಕು, ಅದಕ್ಕಿಂತ ಮೇಲೆ ಹೋಗಬೇಡಿ. ವರ್ಚುವಲ್‌ಬಾಕ್ಸ್‌ನ ರ‍್ಯಾಮ್ ಪಟ್ಟಿಯಲ್ಲಿ ಹಸಿರು ಮುಗಿದು ಕೆಂಪು ಶುರುವಾಗುವುದನ್ನು ಸುಮ್ಮನೆ ತೋರಿಸಿಲ್ಲ. ಅಷ್ಟು ರ‍್ಯಾಮಿಗೆ ಉಬುಂಟುವಿನ ಪೂರ್ತಿ ಡೆಸ್ಕ್‌ಟಾಪ್ ಭಾರ; ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಜುಬುಂಟು ಹಾಕಿ. ಅದಕ್ಕಿಂತ ಒಳ್ಳೆಯದು ಡೆಸ್ಕ್‌ಟಾಪೇ ಇಲ್ಲದ ಸರ್ವರ್ ಆವೃತ್ತಿ: ಕೋಡ್ ಬರೆಯುವ ಎಡಿಟರ್ ವಿಂಡೋಸ್‌ನಲ್ಲಿ, ಓಡಿಸುವುದು ವಿಎಂನಲ್ಲಿ, ನಡುವೆ ಎಸ್‌ಎಸ್‌ಎಚ್ ಎಂಬ ಸಂಪರ್ಕ. ನೆಟ್‌ವರ್ಕ್ ನ್ಯಾಟ್‌ನಲ್ಲೇ (ವಿಎಂ ನಿಮ್ಮ ಕಂಪ್ಯೂಟರಿನ ಮೂಲಕವೇ ನೆಟ್ ಬಳಸುವ ಬಗೆ) ಇರಲಿ, ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಹೊರಗಿನ 2222 ಅನ್ನು ಒಳಗಿನ 22ಕ್ಕೆ ಕೊಟ್ಟರೆ ಮುಗಿಯಿತು. ವೈ-ಫೈ ಮೇಲೆ ಬ್ರಿಡ್ಜ್ ಮಾಡಲು, ಅಂದರೆ ವಿಎಂ ಅನ್ನು ನೇರವಾಗಿ ನೆಟ್‌ವರ್ಕಿಗೆ ಸೇರಿಸಲು ಹೋದರೆ ಕೆಲವೊಮ್ಮೆ ಐಪಿ ವಿಳಾಸವೇ ಸಿಗುವುದಿಲ್ಲ.

ಡಿಸ್ಕ್ ವಿಷಯದಲ್ಲೂ ಇದೇ ಮಾತು. 25 ಜಿಬಿಯ ‘ಡೈನಾಮಿಕ್’ ಡಿಸ್ಕ್ ಮೊದಲ ದಿನ ಕೆಲವೇ ಎಂಬಿ ಇರುತ್ತದೆ, ಬಳಸಿದಂತೆ ಹಿಗ್ಗುತ್ತದೆ. ಒಳಗೆ ಕಡತ ಅಳಿಸಿದರೆ ತಾನಾಗಿ ಕುಗ್ಗುವುದಿಲ್ಲ.

ಮಲೆನಾಡಿನಲ್ಲಿ ಈ ಪದದ ಅರ್ಥ ಸರಿಯಾಗಿ ತಿಳಿದಿರಲೇಬೇಕಾದದ್ದು ಮಳೆಗಾಲದಲ್ಲಿ. ಜೂನ್ ಬಂತೆಂದರೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಹೇಳಬೇಕಾಗಿಲ್ಲ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಆದರೆ, ಕರೆಂಟ್ ಹೋದ ಕ್ಷಣಕ್ಕೆ ವಿಎಂ ಒಳಗಿನ ಲಿನಕ್ಸ್ ಕೂಡ ಪ್ಲಗ್ ಕಿತ್ತ ಕಂಪ್ಯೂಟರಿನ ಸ್ಥಿತಿಯಲ್ಲೇ ಇರುತ್ತದೆ. ಅದರ ಕಡತವ್ಯವಸ್ಥೆ ಸಾಮಾನ್ಯವಾಗಿ ಜರ್ನಲ್ (ಬದಲಾವಣೆಗಳ ದಾಖಲೆ) ಓದಿಕೊಂಡು ಎದ್ದು ನಿಲ್ಲುತ್ತದೆ. ಆದರೆ ಡಿಸ್ಕಿಗೆ ಇನ್ನೂ ಇಳಿಯದೆ ರ‍್ಯಾಮಿನಲ್ಲೇ ಇದ್ದ ಬರವಣಿಗೆ ಹೋಯಿತೆಂದೇ ಲೆಕ್ಕ. ಸ್ನ್ಯಾಪ್‌ಶಾಟ್ (ವಿಎಂನ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಟ್ಟದ್ದು) ಅಳಿಸುತ್ತಿರುವಾಗ ಹೀಗಾದರೆ ಇಡೀ ಡಿಸ್ಕ್ ಕಡತವೇ ಕೆಡಬಹುದು, ಏಕೆಂದರೆ ಆಗ ಎರಡು ಕಡತಗಳನ್ನು ಒಂದಕ್ಕೆ ಬೆಸೆಯುವ ಕೆಲಸ ನಡೆದಿರುತ್ತದೆ. ಗಾಳಿಮಳೆಯ ಸಂಜೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಯುಪಿಎಸ್ ಇದ್ದರೆ ‘ಸೇವ್ ಸ್ಟೇಟ್’ ಮಾಡಬಹುದು. ಅದು ವಿಎಂನ ರ‍್ಯಾಮನ್ನು ಹಾಗೇ ಡಿಸ್ಕಿಗೆ ಬರೆಯುತ್ತದೆ. 3 ಜಿಬಿಯನ್ನು ಸೆಕೆಂಡಿಗೆ 100 ಎಂಬಿ ಬರೆಯುವ ಹಳೆಯ ಹಾರ್ಡ್‌ಡಿಸ್ಕಿಗೆ ಇಳಿಸಲು ಅರ್ಧ ನಿಮಿಷ ಬೇಕು. ಆಮೇಲೆ ವಿಂಡೋಸ್ ಮುಚ್ಚಬೇಕು. ಆದ್ದರಿಂದ ಯುಪಿಎಸ್ ಮೊದಲ ಸಲ ಕೂಗಿದಾಗಲೇ ಮಾಡಿ.

ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ತಿಳಿಯುವುದೂ ಇನ್ನೊಂದು ತಪ್ಪು. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಮೂಲ ಡಿಸ್ಕ್ ಕಡತ ಇದ್ದಲ್ಲೇ ನಿಲ್ಲುತ್ತದೆ. ಹೊಸ ಬದಲಾವಣೆಯೆಲ್ಲ ‘ಸ್ನ್ಯಾಪ್‌ಶಾಟ್ಸ್’ ಎಂಬ ಫೋಲ್ಡರಿನ ಬೇರೆ ಕಡತಕ್ಕೆ ಹೋಗುತ್ತದೆ. ಮೂಲವನ್ನಷ್ಟೇ ನಕಲು ಮಾಡಿ ಗೆಳೆಯನಿಗೆ ಕೊಟ್ಟರೆ, ಅವನಿಗೆ ಸಿಗುವುದು ಸ್ನ್ಯಾಪ್‌ಶಾಟ್ ತೆಗೆದ ದಿನದ ಸ್ಥಿತಿ, ನಿಮ್ಮ ಪ್ರಾಜೆಕ್ಟ್ ಇಲ್ಲ. ವಿಎಂ ಪೂರ್ತಿ ನಿಲ್ಲಿಸಿ ‘ಎಕ್ಸ್‌ಪೋರ್ಟ್ ಅಪ್ಲಯನ್ಸ್’ ಮಾಡಿ, ಒಂದೇ ಓವಿಎ ಕಡತ ಬರುತ್ತದೆ. ನೆಟ್‌ವರ್ಕ್ ಸಿಗದ ಊರಿನವರು ಇದನ್ನು ಶಿವಮೊಗ್ಗದಿಂದ ಪೆನ್‌ಡ್ರೈವಿನಲ್ಲಿ ಒಯ್ಯುವುದೇ ಸರಿ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಎಷ್ಟೇ ಜಾಗ ಖಾಲಿ ತೋರಿಸಿದರೂ ನಕಲು ನಿಲ್ಲುತ್ತದೆ. ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಊರಿಗೆ ಹೋಗಿ ಇಂಪೋರ್ಟ್ ಮಾಡುವಾಗ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಯಂತ್ರದ ಗುರುತು) ಹೊಸದಾಗಿ ಹುಟ್ಟಿಸುವ ಆಯ್ಕೆ ಒತ್ತಿ. ಒಂದೇ ಓವಿಎಯನ್ನು ಲ್ಯಾಬಿನ ಹತ್ತು ಯಂತ್ರಗಳಿಗೆ ಹಾಕಿ ಬ್ರಿಡ್ಜ್ ಮಾಡಿದಾಗ ಒಂದರ ನೆಟ್ ಬಂದು ಇನ್ನೊಂದರದು ಹೋಗುವುದು ಮ್ಯಾಕ್ ವಿಳಾಸ ಎಲ್ಲದರಲ್ಲೂ ಒಂದೇ ಇದ್ದರೆ. ನೆಟ್‌ವರ್ಕ್ ಸ್ವಿಚ್ಚಿನ ಲೆಕ್ಕದಲ್ಲಿ ಅವು ಹತ್ತೂ ನಿಜವಾದ ಕಂಪ್ಯೂಟರುಗಳೇ.

ಕನ್ನಡದಲ್ಲಿ ಏನೆಂದು ಬರೆಯಬೇಕು ಎಂದು ಕೇಳಿದರೆ, ‘ವರ್ಚುವಲ್ ಮಷೀನ್’ ಅಥವಾ ‘ವಿಎಂ’ ಎಂದೇ ಬರೆಯಿರಿ, ಓದುವವರಿಗೆ ಅರ್ಥವಾಗುತ್ತದೆ. ಅರ್ಥ ಬಿಡಿಸಿ ಹೇಳಬೇಕಾದ ಕಡೆ ‘ಕಾರ್ಯತಃ ಕಂಪ್ಯೂಟರ್’ ಎನ್ನಬಹುದು. ಪಿಡಿಎಫ್ ಹಂಚುವವರು ಮೊದಲು ‘ಮಿಥ್ಯಾ’ ಎಂದು ಹುಡುಕಿ ಅಳಿಸಿ, ಆಮೇಲೆ ‘ವಾಸ್ತವ’ ಎಂದು ಹುಡುಕಿ.