ಎಕ್ಟೋಪಿಕ್ ಪ್ರೆಗ್ನೆನ್ಸಿ: ಟ್ಯೂಬ್ ತೆಗೆಯಬೇಕೋ, ಉಳಿಸಬೇಕೋ?

ಎಕ್ಟೋಪಿಕ್ ಪ್ರೆಗ್ನೆನ್ಸಿ ಅಂದರೆ ಗರ್ಭಕೋಶದೊಳಗಿನ ಸರಿಯಾದ ಜಾಗ ಬಿಟ್ಟು ಬೇರೆ ಕಡೆ, ಹೆಚ್ಚಾಗಿ ಟ್ಯೂಬಿನಲ್ಲಿ, ನಿಂತ ಬಸಿರು. ಮೊದಲು ಒಂದು ಚಿತ್ರ ಬರೆದುಕೊಳ್ಳಿ. ನಡುವೆ ಗರ್ಭಕೋಶ, ಅದರ ಎರಡು ಮೂಲೆಗಳಿಂದ ಅಂಡಾಶಯಗಳ ಕಡೆಗೆ ಹೊರಟ ಎರಡು ಫೆಲೋಪಿಯನ್ ಟ್ಯೂಬ್. ಒಂದೊಂದೂ ಸುಮಾರು 10 ಸೆಂಟಿಮೀಟರ್ ಉದ್ದ. ಗರ್ಭಕೋಶದ ಗೋಡೆ ದಪ್ಪ ಸ್ನಾಯು. ಒಂಬತ್ತು ತಿಂಗಳು ಹಿಗ್ಗುವ ಶಕ್ತಿ ಅದಕ್ಕಿದೆ. ಟ್ಯೂಬಿನ ಗೋಡೆ ಹಾಗಲ್ಲ, ತೆಳು. ಬೆಳೆಯುವ ಬಸಿರನ್ನು ಹಿಡಿದಿಟ್ಟುಕೊಳ್ಳುವ ತಾಕತ್ತು ಅದಕ್ಕಿಲ್ಲ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ರೋಗದ ಲಕ್ಷಣ, ಅಪಾಯ, ಚಿಕಿತ್ಸೆ ಎಲ್ಲಕ್ಕೂ ಕಾರಣ ಸಿಗುತ್ತದೆ.

ಅಂಡ ಮತ್ತು ವೀರ್ಯಾಣು ಸೇರುವುದೇ ಟ್ಯೂಬಿನಲ್ಲಿ, ಆಂಪುಲ್ಲಾ ಅನ್ನುವ ಅಗಲವಾದ ಭಾಗದಲ್ಲಿ. ಅಲ್ಲಿಂದ ಭ್ರೂಣ ಮೂರ್ನಾಲ್ಕು ದಿನದಲ್ಲಿ ಗರ್ಭಕೋಶಕ್ಕೆ ಬರಬೇಕು. ದಾರಿಯಲ್ಲೇ ಸಿಕ್ಕಿಹಾಕಿಕೊಂಡರೆ ಅಲ್ಲೇ ಬೇರು ಬಿಡುತ್ತದೆ. ಇಂಥ ಬಸಿರುಗಳಲ್ಲಿ 90%ಕ್ಕೂ ಜಾಸ್ತಿ ಟ್ಯೂಬಿನಲ್ಲೇ ಇರುತ್ತವೆ, ಅವುಗಳಲ್ಲಿ ಹೆಚ್ಚಿನವು ಆಂಪುಲ್ಲಾದಲ್ಲಿ. ಅಂಡಾಶಯ, ಗರ್ಭಕೋಶದ ಕೊರಳು, ಹಳೆಯ ಸಿಸೇರಿಯನ್ ಗಾಯದ ಜಾಗ, ಹೊಟ್ಟೆಯೊಳಗಿನ ಬೇರೆ ಜಾಗ, ಇವೆಲ್ಲ ಅಪರೂಪ. ಗರ್ಭಕೋಶದ ಗೋಡೆಯೊಳಗೆ ಹಾದುಹೋಗುವ ಇಂಟರ್‌ಸ್ಟಿಶಿಯಲ್ ಭಾಗವನ್ನು ಮಾತ್ರ ಪ್ರತ್ಯೇಕವಾಗಿ ನೆನಪಿಡಿ. ಸುತ್ತ ಸ್ನಾಯು ಇರುವುದರಿಂದ ಅಲ್ಲಿ ತಡವಾಗಿ ಒಡೆಯುತ್ತದೆ, ಒಡೆದರೆ ರಕ್ತ ಧಾರಾಕಾರವಾಗಿ ಹೋಗುತ್ತದೆ.

ಕಾರಣ ಕೇಳಿದರೆ: ಹಿಂದೆ ಹೀಗೇ ಆಗಿದ್ದು, ಟ್ಯೂಬಿನ ಆಪರೇಷನ್, ಕ್ಲಮಿಡಿಯಾದಂಥ ಲೈಂಗಿಕ ಸೋಂಕು, ಧೂಮಪಾನ, ಐವಿಎಫ್. ಆದರೆ ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಇವ್ಯಾವುದೂ ಇರುವುದಿಲ್ಲ. "ಆಕೆಗೆ ಅಂಥದ್ದೇನೂ ಇಲ್ಲ" ಅಂತ ಈ ರೋಗವನ್ನು ಪಟ್ಟಿಯಿಂದ ಕೈಬಿಡಬೇಡಿ. ಕಾಪರ್-ಟಿ ವಿಷಯದಲ್ಲಿ ಒಂದು ಗೊಂದಲವಿದೆ. ಅದು ಬಸಿರನ್ನೇ ತಡೆಯುವುದರಿಂದ ಒಟ್ಟಾರೆ ಎಕ್ಟೋಪಿಕ್ ಆಗುವ ಸಂಭವ ಕಡಿಮೆಯೇ. ಆದರೆ ಅದು ಇದ್ದೂ ಬಸಿರು ನಿಂತರೆ, ಟ್ಯೂಬಿನಲ್ಲಿರಬಹುದು ಅಂತ ಮೊದಲು ಅನುಮಾನಿಸಬೇಕು.

ಈಗ ಒಬ್ಬಾಕೆಯನ್ನು ಕಲ್ಪಿಸಿಕೊಳ್ಳಿ. ಮುಟ್ಟು ಎರಡು ವಾರ ತಡವಾಗಿದೆ. ಒಂದು ಬದಿಯ ಕಿಬ್ಬೊಟ್ಟೆ ನೋವು, ಸ್ವಲ್ಪ ಕಂದು ಬಣ್ಣದ ಸ್ರಾವ. ಆಕೆ ಅದನ್ನು ಮುಟ್ಟು ಅಂದುಕೊಂಡಿದ್ದಾಳೆ. ಮಲಗಿದರೆ ಹೆಗಲ ತುದಿ ನೋಯುತ್ತದೆ ಅನ್ನುತ್ತಾಳೆ. ಹೆಗಲಿಗೂ ಟ್ಯೂಬಿಗೂ ಏನು ಸಂಬಂಧ? ಹೊಟ್ಟೆಯೊಳಗೆ ಸೋರಿದ ರಕ್ತ, ಮಲಗಿದಾಗ ಮೇಲಕ್ಕೆ ಹರಿದು ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು ಪರದೆಯನ್ನು, ಕೆರಳಿಸುತ್ತದೆ. ವಪೆಯ ನರವೂ ಹೆಗಲ ಚರ್ಮದ ನರವೂ ಕುತ್ತಿಗೆಯ ಒಂದೇ ಮಟ್ಟದಿಂದ ಹೊರಡುತ್ತವೆ. ಹಾಗಾಗಿ ಮಿದುಳಿಗೆ ಅದು ಹೆಗಲ ನೋವಾಗಿ ಕಾಣುತ್ತದೆ. ಆಕೆ ಈ ಮಾತು ಹೇಳಿದ ಕೂಡಲೇ ನೀವು ಎದ್ದು ನಿಲ್ಲಬೇಕು.

ಇಲ್ಲಿ ಇನ್ನೊಂದು ಮೋಸ ಇದೆ. ಆರೋಗ್ಯವಂತ ಚಿಕ್ಕ ವಯಸ್ಸಿನವರ ದೇಹ, ಸಾಕಷ್ಟು ರಕ್ತ ಹೋಗುವವರೆಗೂ ಬಿಪಿಯನ್ನು ಕಾಪಾಡಿಕೊಳ್ಳುತ್ತದೆ. ಹಿಮೋಗ್ಲೋಬಿನ್ ಕೂಡ ಶುರುವಿನಲ್ಲಿ ಸರಿಯಾಗೇ ಇರುತ್ತದೆ, ಯಾಕೆಂದರೆ ಉಳಿದ ರಕ್ತ ಇನ್ನೂ ತೆಳುವಾಗಿರುವುದಿಲ್ಲ. ನಾಡಿ ಎಷ್ಟು ಬೇಗ ಹೊಡೆದುಕೊಳ್ಳುತ್ತಿದೆ, ಮುಖ ಬಿಳಿಚಿಕೊಂಡಿದೆಯಾ, ಎದ್ದರೆ ಕಣ್ಣು ಕತ್ತಲೆ ಬರುತ್ತಾ, ಇವನ್ನು ನೋಡಿ.

ಪತ್ತೆಗೆ ಎರಡು ಸಾಧನ: ರಕ್ತದಲ್ಲಿ ಬೀಟಾ ಎಚ್‌ಸಿಜಿ ಅನ್ನುವ ಬಸಿರಿನ ಹಾರ್ಮೋನ್, ಮತ್ತು ಯೋನಿ ಮೂಲಕ ಮಾಡುವ ಸ್ಕ್ಯಾನ್. ಎಚ್‌ಸಿಜಿ 3500 ದಾಟಿಯೂ ಗರ್ಭಕೋಶ ಖಾಲಿ ಕಂಡರೆ ಅನುಮಾನ ಬಲವಾಗುತ್ತದೆ. ಅದಕ್ಕಿಂತ ಕಡಿಮೆ ಇದ್ದು ಆಕೆ ಆರಾಮಾಗಿದ್ದರೆ 48 ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಆ ಅಂಕಿ ಏರಬೇಕಾದಷ್ಟು ಏರದೆ, ಪೂರ್ತಿ ಇಳಿಯಲೂ ಇಳಿಯದೆ ತೂಗಾಡಿದರೆ ಬಸಿರು ಸರಿಯಿಲ್ಲ ಅಂತ ಗೊತ್ತಾಗುತ್ತದೆ. ಎಲ್ಲಿದೆ ಅನ್ನುವುದನ್ನು ಅಂಕಿ ಹೇಳುವುದಿಲ್ಲ, ಅದಕ್ಕೆ ಸ್ಕ್ಯಾನೇ ಬೇಕು.

ಸಹಪಾಠಿಗಳು ಜಾಸ್ತಿ ಕೇಳುವ ಪ್ರಶ್ನೆ: ಅದನ್ನು ತೆಗೆದು ಗರ್ಭಕೋಶದಲ್ಲಿ ಇಡಬಹುದಲ್ವಾ? ಆಗುವುದಿಲ್ಲ. ಬೇರು ಬಿಟ್ಟ ಮೇಲೆ ಅದನ್ನು ಕಿತ್ತರೆ ರಕ್ತ ಸಂಪರ್ಕವೇ ಹರಿದುಹೋಗುತ್ತದೆ. ಈ ಬಸಿರನ್ನು ಉಳಿಸುವ ದಾರಿ ಇಲ್ಲ. ಈ ಮಾತನ್ನು ಆಕೆಗೆ ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಬೇಕು.

ಒಡೆದಿಲ್ಲ, ನೋವು ಕಡಿಮೆ, ಗಾತ್ರ ಚಿಕ್ಕದು, ಭ್ರೂಣದ ಹೃದಯ ಬಡಿತ ಇಲ್ಲ, ಎಚ್‌ಸಿಜಿ ಕಡಿಮೆ ಅಂತಿದ್ದರೆ ಮೆಥೋಟ್ರೆಕ್ಸೇಟ್ ಇಂಜೆಕ್ಷನ್ ಸಾಕಾಗಬಹುದು. ಅದು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ತಡೆಯುತ್ತದೆ. ನಾಲ್ಕನೇ ದಿನಕ್ಕೂ ಏಳನೇ ದಿನಕ್ಕೂ ನಡುವೆ ಎಚ್‌ಸಿಜಿ ಕನಿಷ್ಠ 15% ಇಳಿಯಬೇಕು. ಫೋಲಿಕ್ ಆಸಿಡ್ ನಿಲ್ಲಿಸಬೇಕು, ಇಲ್ಲವಾದರೆ ಔಷಧದ ಕೆಲಸ ಕುಗ್ಗುತ್ತದೆ.

ಉಳಿದವರಿಗೆ ಆಪರೇಷನ್. 1883ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಲಾಸನ್ ಟೇಟ್ ಒಡೆದ ಟ್ಯೂಬನ್ನು ತೆಗೆದು ರೋಗಿಯನ್ನು ಉಳಿಸಿದರು. ಅದಕ್ಕೂ ಮುಂಚೆ ಟ್ಯೂಬ್ ಒಡೆದರೆ ಬದುಕುಳಿಯುವವರು ಕಡಿಮೆ. ಅಂದು ಹೊಟ್ಟೆ ಉದ್ದಕ್ಕೆ ಕೊಯ್ಯಬೇಕಿತ್ತು. ಇವತ್ತು ಹೆಚ್ಚಿನವು ಲ್ಯಾಪರೋಸ್ಕೋಪಿಯಲ್ಲೇ, ಅಂದರೆ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಕಿ, ಮುಗಿಯುತ್ತವೆ. ರೋಗಿ ಶಾಕ್‌ನಲ್ಲಿದ್ದು (ರಕ್ತ ಹೋಗಿ ಬಿಪಿ ಕುಸಿದು), ಅಲ್ಲಿರುವ ತಂಡಕ್ಕೆ ತಕ್ಷಣ ರಕ್ತ ನಿಲ್ಲಿಸಲು ಹೊಟ್ಟೆ ತೆರೆಯುವುದೇ ಬೇಗದ ದಾರಿ ಅನ್ನಿಸಿದರೆ ಹಾಗೇ ಮಾಡುತ್ತಾರೆ. ಅದು ಸೋಲಲ್ಲ. ರಕ್ತ ಹರಿಯುತ್ತಿರುವಾಗ ನಿಮಿಷಗಳೇ ಮುಖ್ಯ.

ಹೊಕ್ಕುಳ ಹತ್ತಿರ ಕ್ಯಾಮೆರಾಗೆ ಒಂದು ತೂತು, ಸಲಕರಣೆಗೆ ಕೆಳಗೆ ಎರಡು ಮೂರು. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ರಕ್ತ ತುಂಬಿದ್ದರೆ ಮೊದಲು ಕಾಣುವುದು ಬರೀ ಗಾಢ ಕೆಂಪು, ಹೆಪ್ಪುಗಟ್ಟಿದ ಮುದ್ದೆಗಳು. ಅದನ್ನು ಹೀರಿ ತೆಗೆದ ಮೇಲೆ ಟ್ಯೂಬ್ ಕಾಣಿಸುತ್ತದೆ: ಒಂದು ಕಡೆ ಉಬ್ಬಿ, ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಆಗ ಸರ್ಜನ್ ಇನ್ನೊಂದು ಟ್ಯೂಬನ್ನೂ ನೋಡುತ್ತಾರೆ. ಮುಂದಿನ ನಿರ್ಧಾರ ಅದರ ಮೇಲೆ ನಿಂತಿದೆ.

ಇನ್ನೊಂದು ಟ್ಯೂಬ್ ಚೆನ್ನಾಗಿದ್ದರೆ ಸಾಮಾನ್ಯವಾಗಿ ಸಾಲ್ಪಿಂಜೆಕ್ಟಮಿ, ಅಂದರೆ ಕೆಟ್ಟ ಟ್ಯೂಬನ್ನೇ ತೆಗೆಯುವುದು. ಟ್ಯೂಬ್ ಜೋತುಬಿದ್ದಿರುವ ತೆಳು ಪರದೆಗೆ ಮೀಸೋಸಾಲ್ಪಿಂಕ್ಸ್ ಅನ್ನುತ್ತಾರೆ. ಅದನ್ನು ಸ್ವಲ್ಪ ಸುಟ್ಟು, ಸ್ವಲ್ಪ ಕತ್ತರಿಸಿ, ಹೀಗೇ ಮುಂದೆ ಹೋಗುತ್ತಾರೆ. ಟ್ಯೂಬಿಗೆ ಅಂಟಿಕೊಂಡೇ ಕತ್ತರಿಸಬೇಕು, ಯಾಕೆಂದರೆ ಕೆಳಗಡೆ ಅಂಡಾಶಯಕ್ಕೆ ಹೋಗುವ ರಕ್ತನಾಳಗಳಿವೆ. ಕೊನೆಗೆ ಗರ್ಭಕೋಶದ ಬುಡದಲ್ಲಿ ಬಿಡಿಸಿ, ಚೀಲದೊಳಗೆ ಹಾಕಿ ಹೊರತೆಗೆಯುತ್ತಾರೆ.

ಇನ್ನೊಂದು ಟ್ಯೂಬ್ ಇಲ್ಲ ಅಥವಾ ಹಾಳಾಗಿದೆ, ಆಕೆಗೆ ಮುಂದೆ ಮಗು ಬೇಕು ಅಂದರೆ ಸಾಲ್ಪಿಂಜಾಸ್ಟಮಿ, ಅಂದರೆ ಟ್ಯೂಬನ್ನು ಉಳಿಸಿ ಒಳಗಿನ ಬಸಿರನ್ನಷ್ಟೇ ತೆಗೆಯುವುದನ್ನು, ಯೋಚಿಸುತ್ತಾರೆ. ತೆಳುಗೊಳಿಸಿದ ವೇಸೋಪ್ರೆಸಿನ್ ಔಷಧ ಚುಚ್ಚಿದರೆ ರಕ್ತನಾಳಗಳು ಕುಗ್ಗಿ ಆ ಜಾಗ ಬಿಳಿಚಿಕೊಳ್ಳುತ್ತದೆ. ಪರದೆ ಅಂಟಿರುವ ಬದಿಯ ಎದುರು ಬದಿಯಲ್ಲಿ, ಉಬ್ಬಿನ ಮೇಲೆ ಒಂದೂವರೆ ಸೆಂಟಿಮೀಟರ್‌ನಷ್ಟು ನೇರ ಗೀರು. ನೀರಿನ ಒತ್ತಡದಿಂದ ಒಳಗಿನದನ್ನು ಜಾರಿಸಿ ಹೊರತರುತ್ತಾರೆ. ಹಿಂಡಿ ತೆಗೆಯಬಾರದು, ಒಳಪದರ ಹಾಳಾಗುತ್ತದೆ. ಗೀರಿಗೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ, ಅದು ತಾನಾಗಿ ಮಾಯುತ್ತದೆ.

ಉಳಿಸುವುದೇ ಒಳ್ಳೆಯದಲ್ವಾ ಅಂತ ನನಗೂ ಅನ್ನಿಸುತ್ತಿತ್ತು. 2014ರಲ್ಲಿ ಪ್ರಕಟವಾದ ಇಸೆಪ್ ಅಧ್ಯಯನ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಇನ್ನೊಂದು ಟ್ಯೂಬ್ ಚೆನ್ನಾಗಿದ್ದ ಹೆಂಗಸರಲ್ಲಿ ಎರಡೂ ವಿಧಾನವನ್ನು ಹೋಲಿಸಿದ್ದರು. ಮೂರು ವರ್ಷದಲ್ಲಿ ಸಹಜವಾಗಿ ಬಸಿರು ನಿಂತವರು, ಟ್ಯೂಬ್ ಉಳಿಸಿದ ಗುಂಪಿನಲ್ಲಿ 60.7%, ತೆಗೆದ ಗುಂಪಿನಲ್ಲಿ 56.2%. ಲೆಕ್ಕಾಚಾರದಲ್ಲಿ ಇದನ್ನು ವ್ಯತ್ಯಾಸ ಅನ್ನಲಾಗದು. ಆದರೆ ಉಳಿಸಿದವರಲ್ಲಿ 7% ಮಂದಿಗೆ ಬಸಿರಿನ ತುಣುಕು ಒಳಗೇ ಉಳಿದು ಬೆಳೆಯಿತು. ತೆಗೆದವರಲ್ಲಿ ಅದು 1%ಕ್ಕಿಂತ ಕಡಿಮೆ. ಅದಕ್ಕೇ ಸಾಲ್ಪಿಂಜಾಸ್ಟಮಿ ಆದವರಿಗೆ ಎಚ್‌ಸಿಜಿ ಪೂರ್ತಿ ಇಳಿಯುವವರೆಗೂ ವಾರವಾರ ಪರೀಕ್ಷೆ ಬೇಕು.

ತೆಗೆದದ್ದನ್ನು ಪೆಥಾಲಜಿಗೆ ಕಳಿಸಬೇಕು, ಆಕೆಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು. ವಾರ್ಡಿನಲ್ಲಿ ಆಕೆಯನ್ನು ಆಗಷ್ಟೇ ಹೆತ್ತವರ ಪಕ್ಕ ಮಲಗಿಸದಿರಲು ಸಾಧ್ಯವಾದರೆ ಹಾಗೆ ಮಾಡಿ. ನಮ್ಮ ಪುಸ್ತಕದಲ್ಲಿ ಅದು ರೋಗ, ಆಕೆಗೆ ಅದು ಕಳೆದುಹೋದ ಮಗು. ಮತ್ತೆ ಹೀಗಾಗುವ ಸಂಭವ ಸುಮಾರು 10%. ಹಾಗಾಗಿ ಡಿಸ್ಚಾರ್ಜ್ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ಮುಂದಿನ ಸಲ ಟೆಸ್ಟ್ ಪಾಸಿಟಿವ್ ಬಂದರೆ, ನೋವು ಇರಲಿ ಇಲ್ಲದಿರಲಿ, ಆರನೇ ವಾರದ ಹೊತ್ತಿಗೆ ಸ್ಕ್ಯಾನ್ ಮಾಡಿಸಿ.